ದಾರಿ ಬಚ್ಚಿಟ್ಟ ತೋಟ

"ಬಾರಿಸು ಅಪ್ಪ, ಯಾರೂ ಬೈಯೂದಿಲ್ಲ" ಎಂದಳು ಮಗಳು.

ಮರದ ಕೆಳಗೊಂದು ಬೆಂಚು, ಕೈಗೆಟಕುವ ಎತ್ತರದಲ್ಲಿ ಕಿಲುಬು ಹಿಡಿದ ಗಂಟೆ. ನನಗೆ ಕೈ ಬರಲಿಲ್ಲ. ನಮ್ಮಲ್ಲಿ ಗಂಟೆ ಬಾರಿಸುವುದು ದೇವರ ಮುಂದೆ, ಇಲ್ಲವೇ ಶಾಲೆ ಬಿಡುವಾಗ. ಚಹಾ ಬೇಕೆಂದು ಗಂಟೆ ಬಾರಿಸಿದವರು ನಮ್ಮ ಕುಮಟೆಯ ಮನೆತನದಲ್ಲಿ ಏಳು ತಲೆಮಾರಿನಿಂದ ಇದ್ದಂತಿಲ್ಲ. ಕೊನೆಗೆ ಅವಳೇ ಹಗ್ಗ ಜಗ್ಗಿದಳು. ಹತ್ತು ನಿಮಿಷವಾಗಿರಬೇಕು, ಬಿಳಿ ಸರೋಂಗ್ ಉಟ್ಟ ಹಿರಿಯರೊಬ್ಬರು ಪೊದೆಗಳ ಸಂದಿಯಿಂದ ತಟ್ಟೆ ಹಿಡಿದು ನೇರ ನಮ್ಮ ಬೆಂಚಿಗೇ ಬಂದರು. ಇಷ್ಟು ದೊಡ್ಡ ತೋಟದಲ್ಲಿ ನಾವು ಕೂತದ್ದು ಇಲ್ಲೇ ಎಂದು ಅವರಿಗೆ ಹೇಗೆ ತಿಳಿಯಿತು? ಒಂದೊಂದು ಗಂಟೆಗೆ ಒಂದೊಂದು ನಾದವಂತೆ. ಅಡುಗೆಮನೆಯಲ್ಲಿದ್ದವರು ಸದ್ದು ಕೇಳಿಯೇ ಜಾಗ ಹೇಳಬಲ್ಲರು. ಈ ತೋಟದ ಯಜಮಾನರು ಸಂಜೆಯ ಪಾನೀಯ ತಣ್ಣಗಿರುವಾಗಲೇ ಕೈಸೇರಲೆಂದು ಮಾಡಿಟ್ಟ ಏರ್ಪಾಡು ಅದು.

ಯಜಮಾನರ ಹೆಸರು ಜೆಫ್ರಿ ಬಾವಾ. ತೋಟದ ಹೆಸರು ಲುನುಗಂಗ. ಶ್ರೀಲಂಕಾದ ನೈಋತ್ಯ ಕರಾವಳಿಯ ಬೆಂತೊಟದಿಂದ ಸ್ವಲ್ಪ ಒಳನಾಡಿಗೆ, ದೆಡ್ಡುವ ಎಂಬ ಹಿನ್ನೀರಿಗೆ ನಾಲಿಗೆ ಚಾಚಿದಂತಿರುವ ನೆಲ. ಸಿಂಹಳದಲ್ಲಿ ಲುನು ಎಂದರೆ ಉಪ್ಪು, ಗಂಗ ಎಂದರೆ ಹೊಳೆ. ನಮ್ಮ ಅಘನಾಶಿನಿಯ ಗಜನಿ ಭೂಮಿಯ ಹಾಗೆ, ಸಮುದ್ರ ಹತ್ತಿರವಿದೆ ಎಂದು ನೀರಿನ ರುಚಿಯೇ ಹೇಳುವ ಊರು. ಬೆಂಗಳೂರಿನಿಂದ ಕೊಲಂಬೊಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ. ಅಲ್ಲಿಂದ ಅಲುತ್‌ಗಮದವರೆಗೆ ರೈಲು. ಹಳಿ ಎಷ್ಟು ಕಡೆ ಸಮುದ್ರಕ್ಕೆ ಒತ್ತಿಕೊಂಡಿದೆ ಎಂದರೆ, ಬಾಗಿಲಲ್ಲಿ ಕೂತವರ ಮುಖಕ್ಕೆ ಉಪ್ಪಿನ ಗಾಳಿ ರಾಚುತ್ತದೆ.

ಮಗಳು ವಾಸ್ತುಶಿಲ್ಪದ ಕೊನೆಯ ವರ್ಷದಲ್ಲಿದ್ದಾಳೆ. ಬಾವಾ ಎಂದರೆ ಅವಳಿಗೆ ದೇವರು. "ಪಾಸಾದರೆ ಏನು ಬೇಕು?" ಎಂದು ಕೇಳಿದ ತಪ್ಪಿಗೆ ಈ ತೋಟದಲ್ಲಿ ಎರಡು ರಾತ್ರಿ ತಂಗುವ ಬಾಡಿಗೆ ನನ್ನ ಪಾಲಿಗೆ ಬಂತು. ಮೊತ್ತ ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಹೆಂಡತಿ ಪುರವಣಿ ಓದುತ್ತಾಳೆ. ಮಗಳಿಗೆ ಕಟ್ಟಡ ಗೊತ್ತು, ನನಗೆ ಗಿಡ ಗೊತ್ತು. ಎರಡು ದಿನವೂ ಅವಳು ಗೋಡೆ ತೋರಿಸುತ್ತಾ, ನಾನು ಎಲೆ ಮೂಸುತ್ತಾ ಜೊತೆಯಾಗಿ ತಿರುಗಿದೆವು.

ಬಾವಾ ಹುಟ್ಟಿದ್ದು 1919ರಲ್ಲಿ. ಓದಿದ್ದು ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ, ಆಮೇಲೆ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿ. ಊರಿಗೆ ಬಂದು ಕೋಟು ಹಾಕಿದ ಸ್ವಲ್ಪ ದಿನಕ್ಕೇ ವಕೀಲಿ ಬೇಸರ ಬಂತು. ದೇಶ ದೇಶ ತಿರುಗಿ, ಇಟಲಿಯ ಗಾರ್ಡಾ ಸರೋವರದ ದಂಡೆಯಲ್ಲಿ ಒಂದು ಮನೆ ಕೊಂಡು ಅಲ್ಲೇ ನೆಲೆಸುವ ಯೋಚನೆಯಲ್ಲಿದ್ದವರು ಅದು ಕೂಡಿಬರದೆ ಮರಳಿದರು. 1948ರಲ್ಲಿ ಕೊಂಡದ್ದು ಈ ಹಳೆಯ ರಬ್ಬರ್ ತೋಟ. ಅದಕ್ಕೂ ಮೊದಲು, ಡಚ್ಚರ ಕಾಲದಲ್ಲಿ, ಇಲ್ಲಿ ದಾಲ್ಚಿನ್ನಿ ಇತ್ತು. ಇಟಲಿಯ ಉದ್ಯಾನವನ್ನು ಉಷ್ಣವಲಯದ ಮಣ್ಣಲ್ಲಿ ಎಬ್ಬಿಸುವುದು ಅವರ ಹುಚ್ಚು. ಕೆಲಸಕ್ಕೆ ಕೈ ಹಾಕಿದ ಮೇಲೆ ಗೊತ್ತಾಯಿತು, ಆಸೆ ಇದೆ, ವಿದ್ಯೆ ಇಲ್ಲ. ಆ ಕೊರತೆ ತುಂಬಿಕೊಳ್ಳಲು ಮತ್ತೆ ಲಂಡನ್ನಿಗೆ ಹೋಗಿ ಹುಡುಗರ ಜೊತೆ ಕೂತು ಓದಿ, 1957ರಲ್ಲಿ, ಮೂವತ್ತೆಂಟನೇ ವಯಸ್ಸಿಗೆ ವಾಸ್ತುಶಿಲ್ಪಿಯಾದರು. ಕೋಟ್ಟೆ ಎಂಬಲ್ಲಿನ ಕೆರೆಯ ನಡುವಿನ ಶ್ರೀಲಂಕಾ ಸಂಸತ್ತು, ಬಂಡೆಗೆ ಅಂಟಿಕೊಂಡು ಬಳ್ಳಿ ಹೊದ್ದ ಕಂದಲಮ ಹೋಟೆಲ್, ಎಲ್ಲ ಆಮೇಲೆ ಬಂದವು. ತೋಟವೇ ಅವರನ್ನು ವಾಸ್ತುಶಿಲ್ಪಿ ಮಾಡಿತು ಎನ್ನುವುದು ಮಗಳ ವಾದ. ಈ ಒಂದು ವಿಷಯಕ್ಕೆ ನನ್ನ ತಕರಾರಿಲ್ಲ.

ಅಣ್ಣ ಬೆವಿಸ್ ಬಾವಾ ತಮ್ಮನಿಗಿಂತ ಮೊದಲೇ ತೋಟದ ಹುಚ್ಚು ಹತ್ತಿಸಿಕೊಂಡವರು. ಆರೂವರೆ ಅಡಿ ಮೀರಿದ ಆಳು, ಗವರ್ನರುಗಳ ಸಹಾಯಕ ಅಧಿಕಾರಿಯಾಗಿದ್ದವರು. ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಅವರ 'ಬ್ರೀಫ್' ತೋಟವಿದೆ. ಅಪ್ಪ ವಕೀಲರು, ಒಂದು 'ಬ್ರೀಫ್', ಅಂದರೆ ಮೊಕದ್ದಮೆಯ ಫೀಸಿನಿಂದ ಕೊಂಡ ಜಮೀನಾದ್ದರಿಂದ ಆ ಹೆಸರು. ಅಣ್ಣತಮ್ಮಂದಿರು ಬೇಲಿಯ ಗೂಟಕ್ಕೆ ಕೋರ್ಟು ಹತ್ತುವುದನ್ನು ನೋಡಿ ಬೆಳೆದ ನನಗೆ, ತೋಟ ಯಾರದು ಚೆಂದ ಎಂದು ಪೈಪೋಟಿಗೆ ಬಿದ್ದ ಈ ಜೋಡಿ ವಿಚಿತ್ರವಾಗಿಯೇ ಕಂಡಿತು.

ಲುನುಗಂಗದಲ್ಲಿ ಹೂಪಾತಿಗಳಿಲ್ಲ. ಬಣ್ಣಬಣ್ಣದ ಕ್ರೋಟನ್ ಸಾಲು, ಕತ್ತರಿಸಿ ಆನೆ ಮಾಡಿದ ಪೊದೆ, ನೀರು ಚಿಮ್ಮುವ ಕಾರಂಜಿ, 'ಹುಲ್ಲಿನ ಮೇಲೆ ನಡೆಯಬೇಡಿ' ಫಲಕ ಇವು ಯಾವುದನ್ನೂ ಹುಡುಕಬೇಡಿ. ಇರುವುದು ಹಸಿರು, ಅದರಲ್ಲೇ ಹತ್ತಾರು ಬಗೆ, ಮತ್ತೆ ನೆರಳು. ಇದೇನು ದೊಡ್ಡಸ್ತಿಕೆ, ನಮ್ಮ ಬೆಟ್ಟವೂ ಹೀಗೇ ಇದೆಯಲ್ಲ ಎಂದು ಮೊದಲ ಅರ್ಧ ಗಂಟೆ ನನಗೂ ಅನಿಸಿತು. ಉತ್ತರದ ಜಗಲಿಯ ಗೋಸಂಪಿಗೆ ಮರದ ಹತ್ತಿರ ಬಂದಾಗ ಅಭಿಪ್ರಾಯ ಬದಲಾಯಿತು. ನಮ್ಮೂರ ಗೋಸಂಪಿಗೆ ಮೇಲಕ್ಕೆ ಕವಲೊಡೆದು ನಿಲ್ಲುತ್ತದೆ. ಇದು ಅಡ್ಡಡ್ಡ ಹರಡಿ, ನೆಲಕ್ಕೆ ಬಾಗಿ, ಮುದುಕರು ಮೊಳಕೈ ಊರಿ ಕೂತಂತೆ ನಿಂತಿದೆ. ತಾನಾಗಿ ಹೀಗೆ ಬೆಳೆದದ್ದಲ್ಲ. ಎಳೆಯ ಕೊಂಬೆಗಳಿಗೆ ಭಾರ ಕಟ್ಟಿ ತೂಗುಬಿಟ್ಟು, ವರ್ಷಗಟ್ಟಲೆ ಕಾದು ಬಗ್ಗಿಸಿದ್ದು. ಅಂದ ಮೇಲೆ ಇಲ್ಲಿ 'ತಾನಾಗಿ ಇದ್ದಂತೆ' ಕಾಣುವುದೆಲ್ಲದರ ಮೇಲೂ ಗುಮಾನಿ ಶುರುವಾಯಿತು.

ಗುಮಾನಿ ನಿಜವೇ ಆಯಿತು. ಮನೆಯ ದಕ್ಷಿಣದ ಕಡೆ ನಿಂತರೆ ಹುಲ್ಲಿನ ಇಳಿಜಾರು, ಅದರಾಚೆ ದಾಲ್ಚಿನ್ನಿ ಗುಡ್ಡ. ಗುಡ್ಡದ ತಲೆಯ ಮೇಲೆ ಒಂದು ಹಳೆಯ ಮರ, ಮರದ ಕೆಳಗೆ ಒಂದು ದೊಡ್ಡ ಚೀನಾ ಭರಣಿ. ಭರಣಿಯ ನೇರಕ್ಕೆ ದೃಷ್ಟಿ ಹಾಯಿಸಿದರೆ, ದೂರದಲ್ಲಿ ಕಟಕುಲಿಯ ವಿಹಾರದ ಬಿಳಿ ಸ್ತೂಪ. ಈ ಸ್ತೂಪ ಮೊದಲು ಮನೆಯಿಂದ ಕಾಣುತ್ತಿರಲಿಲ್ಲ, ಗುಡ್ಡ ಅಡ್ಡವಿತ್ತು. ಬಾವಾ ಗುಡ್ಡದ ನೆತ್ತಿಯನ್ನೇ ಕಡಿಸಿ ತಗ್ಗಿಸಿದರು. ಆ ಕಾಲದಲ್ಲಿ ಜೆಸಿಬಿ ಎಲ್ಲಿತ್ತು, ಗುದ್ದಲಿ ಬುಟ್ಟಿಯ ಕೆಲಸ. ದೂರದ ಊರಿನ ಸ್ತೂಪವೊಂದನ್ನು ಖರ್ಚಿಲ್ಲದೆ ತನ್ನ ತೋಟದೊಳಗೆ ತಂದು ಕೂರಿಸಿಕೊಂಡ ಜಾಣತನ ಇದು. ಖರ್ಚಿಲ್ಲದೆ ಎಂದೆನಲ್ಲ, ಗುಡ್ಡ ಹೊತ್ತವರನ್ನು ಕೇಳಬೇಕು.

ಆ ಮರ ಯಾವುದು ಎಂದು ಮಗಳಿಗೆ ಗೊತ್ತಿರಲಿಲ್ಲ. 'ಮೂನಮಲ್' ಎಂದು ಓದಿದ್ದಳು ಅಷ್ಟೆ. ನಾನು ಕೆಳಗೆ ಬಿದ್ದ ಎಲೆ ಎತ್ತಿಕೊಂಡೆ, ನಕ್ಷತ್ರದ ಆಕಾರದ ಒಣ ಹೂವೊಂದನ್ನೂ ಎತ್ತಿಕೊಂಡೆ. ರೆಂಜೆ! ಪುಸ್ತಕದ ಬಕುಲ. ಅಮ್ಮ ಬೆಳಗಿನ ಜಾವ ಹೆಕ್ಕಿ, ಬಾಳೆನಾರಿಗೆ ಪೋಣಿಸಿ, ಒಣಗಿದ ಮೇಲೂ ಪರಿಮಳ ಹೋಗದೆಂದು ಸೀರೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಹೂವು. ಜಗತ್ತಿನ ವಾಸ್ತುಶಿಲ್ಪದ ವಿದ್ಯಾರ್ಥಿಗಳೆಲ್ಲ ಫೋಟೊ ಹೊಡೆದುಕೊಳ್ಳುವ ಮರ ನಮ್ಮ ಕೊಟ್ಟಿಗೆ ಪಕ್ಕದ ರೆಂಜೆ ಎಂದು ತಿಳಿದಾಗ ಆದ ಖುಷಿ ಬಾಡಿಗೆಯಲ್ಲಿ ಅರ್ಧ ವಸೂಲಾದಂತಿತ್ತು.

ನಿಜವಾದ ಚಮತ್ಕಾರ ನೋಡಿದ್ದು ಆಮೇಲೆ. ಮನೆಗೂ ಆ ಗುಡ್ಡಕ್ಕೂ ನಡುವೆ ಊರಿನ ದಾರಿಯೊಂದು ಹಾದುಹೋಗುತ್ತದೆ. ಜಗಲಿಯಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ. ಹುಲ್ಲು ಇಲ್ಲಿಂದ ಅಲ್ಲಿಗೆ ಒಂದೇ ಹಾಸಿನಂತೆ ಹರಿದಿದೆ. ಹತ್ತಿರ ಹೋಗಿ ಅಂಚಿನಲ್ಲಿ ನಿಂತರೆ ಮಾತ್ರ ಕೆಳಗೆ ಕಣಿವೆಯಂಥ ತಗ್ಗು, ಅದರೊಳಗೆ ದಾರಿ. ಹದಿನೆಂಟನೇ ಶತಮಾನದ ಇಂಗ್ಲಿಷ್ ಜಮೀನ್ದಾರರು ಬೇಲಿ ಕಾಣದಂತೆ ದನ ತಡೆಯಲು ಹೀಗೆ ಕಂದಕ ತೋಡುತ್ತಿದ್ದರು. ಅದಕ್ಕೆ 'ಹಾ-ಹಾ' ಎಂದು ಹೆಸರು. ಕಾಲಬುಡಕ್ಕೆ ಬರುವ ತನಕ ಕಾಣದೆ, ಕಂಡಕೂಡಲೇ ಬಾಯಿಂದ ಬರುವ ಉದ್ಗಾರವೇ ಹೆಸರಾಯಿತು ಎನ್ನುತ್ತಾರೆ. ಬಾವಾ ಅದೇ ಉಪಾಯದಿಂದ ಊರನ್ನೇ ಮರೆಮಾಡಿದರು. ನಾವು ಅಂಚಿನಲ್ಲಿ ನಿಂತಿದ್ದಾಗ ಕೆಳಗೆ ಸೈಕಲ್ಲಿನ ಬೆಲ್ಲು ಕೇಳಿತು, ಒಂದು ಛತ್ರಿ ಹೋಯಿತು, ಛತ್ರಿಯ ಕೆಳಗೆ ಯಾರೋ ಫೋನಿನಲ್ಲಿ ಜೋರು ಜಗಳ.

ಮಲೆನಾಡಿನ ಒಂದು ರಿಸಾರ್ಟಿಗೆ ಕಳೆದ ವರ್ಷ ಸ್ನೇಹಿತರ ಜೊತೆ ಹೋಗಿದ್ದೆ. 'ಕಾಡಿನ ನಡುವೆ ಏಕಾಂತ' ಎಂದು ಜಾಹೀರಾತು. ಹತ್ತು ಎಕರೆ ಕಾಫಿಗೆ ಸುತ್ತ ಎಂಟಡಿ ಕಾಂಪೌಂಡು, ಮೇಲೆ ಗಾಜಿನ ಚೂರು. ಒಳಗೆ ರೇನ್ ಡ್ಯಾನ್ಸು, ರಾತ್ರಿ ಹನ್ನೊಂದರ ತನಕ ಡೋಲು. ಏಕಾಂತವನ್ನು ಗೋಡೆ ಕಟ್ಟಿ ಮಾಡುವುದು ಎಲ್ಲರಿಗೂ ಗೊತ್ತಿರುವ ದಾರಿ. ನೆಲ ತಗ್ಗಿಸಿ ಮಾಡಬಹುದೆಂದು ನಾನು ನೋಡಿದ್ದು ಇಲ್ಲೇ. ಊರಿನ ದಾರಿ ಊರಿನವರಿಗೇ ಉಳಿಯಿತು, ನೋಟ ಯಜಮಾನರಿಗೆ ಉಳಿಯಿತು. ಎರಡರಲ್ಲಿ ಯಾವುದು ಹೆಚ್ಚು ನ್ಯಾಯ ಎಂದು ಮಗಳೊಡನೆ ರಾತ್ರಿ ವಾದ ಮಾಡಿದೆ, ತೀರ್ಮಾನವಾಗಲಿಲ್ಲ.

ಕೋಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹಾಸಿಗೆ ಮೆತ್ತಗಿತ್ತು. ಒಂದು ಮಾತ್ರ ಹೇಳಬೇಕು. ಇಲ್ಲಿ ಇರುವುದು ಸಾಲು ಕೋಣೆಗಳ ಹೋಟೆಲ್ ಕಟ್ಟಡವಲ್ಲ, ಬಾವಾ ಐವತ್ತು ವರ್ಷದಲ್ಲಿ ಒಂದೊಂದಾಗಿ ಕಟ್ಟಿದ ಬಿಡಿ ಮನೆಗಳು. ದನದ ಕೊಟ್ಟಿಗೆಯಾಗಿದ್ದದ್ದು ಚಿತ್ರಶಾಲೆಯಾಗಿದೆ. ಬಾತಿಕ್ ಕಲಾವಿದೆ ಎನಾ ಡಿ ಸಿಲ್ವಾ ಅವರಿಗೆಂದು 1960ರ ದಶಕದ ಆರಂಭದಲ್ಲಿ ಕೊಲಂಬೊದಲ್ಲಿ ಕಟ್ಟಿದ್ದ ಅಂಗಳದ ಮನೆಯನ್ನಂತೂ, ನೆಲಸಮವಾಗುವ ಹಂತದಲ್ಲಿ ಹಂಚು, ಕಲ್ಲು, ಬಾಗಿಲಿಗೆಲ್ಲ ನಂಬರು ಹಾಕಿ ಬಿಚ್ಚಿ ಇಲ್ಲಿಗೆ ತಂದು ಮತ್ತೆ ಜೋಡಿಸಿದ್ದಾರೆ. ನಡುವೆ ಅಂಗಳ, ಸುತ್ತ ಜಗಲಿ, ಮಳೆ ಬಂದರೆ ನಾಲ್ಕೂ ಕಡೆಯಿಂದ ನೀರು ಒಳಗೇ ಸುರಿಯುವ ನಮ್ಮ ತೊಟ್ಟಿಮನೆ. ಮಗಳು ಆ ಅಂಗಳದಲ್ಲಿ ಕೂತು ಒಂದು ಮಧ್ಯಾಹ್ನವಿಡೀ ಅಳತೆ ಬರೆದುಕೊಂಡಳು. "ಅಜ್ಜನ ಮನೆ ಕೆಡವುವಾಗ ನಾವೂ ಹೀಗೆ ನಂಬರು ಹಾಕಬಹುದಿತ್ತು" ಎಂದಳು. ನಾನು ಎದ್ದು ನೀರು ಕುಡಿಯಲು ಹೋದೆ.

ಇನ್ನು ಊಟ.

ಬೆಳಿಗ್ಗೆ ಮೊದಲು ಬಂದದ್ದು ಒಂದು ಸಣ್ಣ ಬಟ್ಟಲು ಹಸಿರು ಗಂಜಿ, ಪಕ್ಕದಲ್ಲಿ ಅಡಿಕೆ ಗಾತ್ರದ ಕಪ್ಪು ಬೆಲ್ಲ. 'ಕೊಲ ಕೆಂದ' ಎಂದು ಹೆಸರು ಹೇಳಿದರು. ಅಕ್ಕಿಗಂಜಿಗೆ ಕಾಯಿಹಾಲು, ಸೊಪ್ಪಿನ ರಸ. ಬೆಲ್ಲ ಕಚ್ಚುತ್ತಾ ಗುಟುಕರಿಸಬೇಕು. ಮೊದಲ ಗುಟುಕಿಗೇ ಸೊಪ್ಪು ಯಾವುದೆಂದು ತಿಳಿಯಿತು, ಒಂದೆಲಗ. ಅವರು ಗೊಟುಕೊಲ ಎನ್ನುತ್ತಾರೆ. ಗದ್ದೆಯ ಬದುವಿನಲ್ಲಿ ಬೆಳೆಯುವ, ಪರೀಕ್ಷೆ ಹತ್ತಿರ ಬಂದಾಗ ಬುದ್ಧಿ ಬರಲೆಂದು ಅಮ್ಮ ತಂಬುಳಿ ಮಾಡಿ ಬಲವಂತದಿಂದ ತಿನ್ನಿಸುತ್ತಿದ್ದ ಅದೇ ಎಲೆ. ಮಧ್ಯಾಹ್ನ ಅದೇ ಎಲೆ ಮತ್ತೆ ಬಂತು. ಸಣ್ಣಗೆ ಹೆಚ್ಚಿ, ಈರುಳ್ಳಿ, ಹಸಿಮೆಣಸು, ಕಾಯಿತುರಿ, ಲಿಂಬೆ ಹಿಂಡಿ ಕಲಸಿದ್ದು. ತಂಬುಳಿಗಿಂತ ಇದೇ ರುಚಿ ಎಂದು ಇಲ್ಲಿ ಬರೆದರೆ ಅಮ್ಮನಿಗೆ ದ್ರೋಹವಾಗುತ್ತದೆ. ಬರೆಯುತ್ತಿದ್ದೇನೆ.

ಆಪ್ಪ ಮಾಡುವುದನ್ನು ನೋಡಬೇಕೆಂದು ಕೇಳಿಕೊಂಡೆ, ಅಡುಗೆಮನೆಯ ಬಾಗಿಲ ತನಕ ಬಿಟ್ಟರು. ಹುದುಗಿದ ಅಕ್ಕಿಹಿಟ್ಟಿಗೆ ಕಾಯಿಹಾಲು. ಅಂಗೈಯಗಲದ ಗುಂಡು ಬಾಣಲೆಗೆ ಒಂದು ಸೌಟು ಹೊಯ್ದು, ಹಿಡಿ ಹಿಡಿದು ಒಂದೇ ಸುತ್ತು ತಿರುಗಿಸಬೇಕು. ಹಿಟ್ಟು ಅಂಚಿಗೆ ಹತ್ತಿ ಕಾಗದದಷ್ಟು ತೆಳುವಾಗಿ ಗರಿಗರಿಯಾಗುತ್ತದೆ, ತಳದಲ್ಲಿ ಉಳಿದದ್ದು ಇಡ್ಲಿಯಂತೆ ಮೆತ್ತಗೆ ಉಬ್ಬುತ್ತದೆ. ಅಡುಗೆಯವರ ಮಣಿಕಟ್ಟು ಗಡಿಯಾರದ ಮುಳ್ಳಿನಂತೆ ತಿರುಗಿ ನಿಲ್ಲುತ್ತಿತ್ತು. ಎಷ್ಟು ಕಾವಿಗೆ ಎಷ್ಟು ಸುತ್ತು ಎಂದು ಕೇಳಿದರೆ ನಕ್ಕರು. ಮೂಲೆಯಲ್ಲಿ ಹುಡುಗಿಯೊಬ್ಬಳು ಕುಳ್ಳು ಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದಳು. ಮಣೆ ತೋರಿಸಿ ಇದಕ್ಕೇನನ್ನುತ್ತೀರಿ ಎಂದೆ. "ಹಿರಮನೆ" ಎಂದಳು. ಹೆರೆಮಣೆ! ಇಪ್ಪತ್ತು ವರ್ಷದಿಂದ ಮಿಕ್ಸಿಗೆ ಒಗ್ಗಿಹೋದ ಕಿವಿಗೆ, ನಮ್ಮ ಮನೆಯ ಅಟ್ಟ ಸೇರಿದ ಪದವೊಂದು ಸಮುದ್ರದಾಚೆ ಇನ್ನೂ ಕೆಲಸಕ್ಕಿರುವುದು ಕೇಳಿ ಒಂದು ಕ್ಷಣ ಮಾತು ಹೊರಡಲಿಲ್ಲ.

ಆಪ್ಪದ ಜೊತೆ ಪೊಲ್ ಸಂಬೋಲ, ಅಂದರೆ ಕಾಯಿತುರಿಗೆ ಒಣಮೆಣಸು, ಈರುಳ್ಳಿ, ಲಿಂಬೆ, ಒಣಮೀನಿನ ಪುಡಿ ಹಾಕಿ ಕುಟ್ಟಿದ ಕೆಂಪು ಚಟ್ನಿ. ಶ್ಯಾವಿಗೆಯ ಬಿಲ್ಲೆಗಳ ಜೊತೆ ಅರಿಶಿನ ಹಾಕಿದ ಕಾಯಿಹಾಲಿನ ಸಾರು. ನಾವು ಒತ್ತು ಶ್ಯಾವಿಗೆಯನ್ನು ಬೆಲ್ಲದ ಕಾಯಿಹಾಲಿನಲ್ಲಿ ಮುಳುಗಿಸುತ್ತೇವೆ, ಅವರದು ಖಾರದ ಕಡೆ. ಮಗಳು ಮೊಬೈಲು ತೆಗೆದು ಫೋಟೊ ಹೊಡೆಯುವಷ್ಟರಲ್ಲಿ ನನ್ನ ತಟ್ಟೆ ಖಾಲಿ.

ಮಧ್ಯಾಹ್ನದ ಅನ್ನಕ್ಕೆ ಸುತ್ತ ಏಳೆಂಟು ಮಣ್ಣಿನ ಕುಡಿಕೆ. ಅದರಲ್ಲಿ ಎರಡನ್ನು ಮರೆಯಲಾರೆ. ಒಂದು ಪೊಲೊಸ್, ಎಳೆ ಹಲಸಿನ ಕಪ್ಪುಗೆಂಪು ಪಲ್ಯ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಬೇಕು, ಆಗ ಹಲಸು ಮಾಂಸದ ಎಳೆಯಂತೆ ಬಿಡಿಸಿಕೊಳ್ಳುತ್ತದೆ. ಹಲಸಿನ ಮರಕ್ಕೆ ಇಲ್ಲಿ 'ಬತ್ ಗಸ', ಅನ್ನದ ಮರ ಎಂದೇ ಹೆಸರು. ಕಳೆದ ಶತಮಾನದ ಆರಂಭದಲ್ಲಿ ಬರಗಾಲಕ್ಕೆ ಆಸರೆಯಾಗಲೆಂದು ಆರ್ಥರ್ ವಿ. ಡಯಾಸ್ ಎಂಬವರು ಊರೂರಿಗೆ ಹಲಸಿನ ಸಸಿ ಹಂಚಿಸಿದರು. ಜನ ಅವರನ್ನು 'ಕೊಸ್ ಮಾಮಾ', ಹಲಸಿನ ಮಾವ ಎಂದು ಕರೆದರು. ಬಡವರ ಹಸಿವಿಗೆಂದು ನೆಟ್ಟ ಮರದ ಕಾಯಿ ಈಗ ಬೆಳ್ಳಿ ಚಮಚದ ಪಕ್ಕ ಕೂತಿದೆ. ನಮ್ಮಲ್ಲಿ ಹಣ್ಣಾಗಿ ಕೊಳೆತು ಬಿದ್ದು ದಾರಿ ರಾಡಿ ಮಾಡುತ್ತದೆ.

ಇನ್ನೊಂದು ಅಂಬುಲ್ ತಿಯಲ್. ಟ್ಯೂನಾ ಮೀನಿನ ಚೌಕದ ತುಂಡುಗಳು, ಮೆಣಸುಕಾಳು, ಮೇಲೆ ಮಸಿಯಷ್ಟು ಕಪ್ಪು ಲೇಪ. ಗಸಿಯಿಲ್ಲ, ಒಣಗಿದಂತಿರುತ್ತದೆ. ತಳಕ್ಕೆ ಬಾಳೆಲೆ ಹಾಸಿದ ಮಣ್ಣಿನ ಗಡಿಗೆಯಲ್ಲಿ ನೀರು ಇಂಗುವ ತನಕ ಬೇಯಿಸಿದರೆ, ಫ್ರಿಜ್ ಇಲ್ಲದೆಯೂ ದಿನಗಟ್ಟಲೆ ಕೆಡದು. ಕೆಡದಂತೆ ಕಾಯುವುದು ಅದರ ಹುಳಿ. ಅವರು ಗೊರಕ ಎಂದರು. ನಾಲಿಗೆಗೆ ತಾಗಿದ್ದು ಉಪ್ಪಾಗೆ. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕಾಡಿನಿಂದ ಹೆಕ್ಕಿ ತಂದು, ಬೀಜ ತೆಗೆದು, ಹೊಗೆಯಲ್ಲಿ ಸಿಪ್ಪೆ ಒಣಗಿಸಿ ವ್ಯಾಪಾರಿಗೆ ಕೊಡುತ್ತಾರಲ್ಲ, ಅದು. ಬೀಜದ ತುಪ್ಪವನ್ನು ಮನೆಗೆ ಇಟ್ಟುಕೊಂಡು ಸಿಪ್ಪೆಯನ್ನು ಲಾರಿ ಹತ್ತಿಸುತ್ತೇವೆ. ಕೊಡಗಿನವರು ಜಾಣರು, ಅದರ ರಸ ಕುದಿಸಿ ಕಾಚಂಪುಳಿ ಮಾಡಿ ಹಂದಿಯ ಸಾರಿಗೆ ಹಾಕುತ್ತಾರೆ. ನಮ್ಮ ಕರಾವಳಿಯ ಮೀನಿಗೂ ಘಟ್ಟದ ಮೇಲಿನ ಈ ಹುಳಿಗೂ ಇಷ್ಟು ಸೊಗಸಾದ ನೆಂಟಸ್ತಿಕೆ ಸಾಧ್ಯವಿತ್ತೆಂದು ಯಾರೂ ಹೇಳಿರಲಿಲ್ಲ.

ಕೊನೆಗೆ ಎಮ್ಮೆ ಮೊಸರು, ಮೇಲೆ ಕಿತುಲ್ ಪಾಕ. ಕಿತುಲ್ ಎಂದರೆ ನಮ್ಮ ಬೈನೆ ಮರ. ಹೊಂಬಾಳೆ ಕೆತ್ತಿ ಇಳಿಸಿದ ರಸವನ್ನು ಹೊಗೆಯೊಲೆಯ ಮೇಲೆ ಕುದಿಸಿ ಜೇನಿನಂತೆ ಮಾಡುತ್ತಾರೆ. ನಮ್ಮಲ್ಲಿ ಬೈನೆಯಿಂದ ಹೆಂಡ ಇಳಿಸುತ್ತಾರೆ, ಉಳಿದದ್ದು ಆನೆಗೆ.

ಬೆಳಗಿನ ಗಂಜಿಯಿಂದ ಊಟದ ಕೊನೆಯ ಮೊಸರಿನ ತನಕ ನಾನು ತಿಂದದ್ದರಲ್ಲಿ ನಮ್ಮ ಹಿತ್ತಲಲ್ಲಿ ಇಲ್ಲದ್ದು ಬಹುಶಃ ಸಾರುಗಳಿಗೆ ಪರಿಮಳಕ್ಕೆಂದು ಹಾಕುವ ರಂಪೆ ಎಲೆ ಒಂದೇ. ಮನೆಯಲ್ಲಿ ಪುಕ್ಕಟೆ ಸಿಗುವುದನ್ನು ಡಾಲರಿನ ಬೆಲೆಗೆ ತಿಂದು ಬಂದೆಯಲ್ಲ ಎಂದು ಊರಿನಲ್ಲಿ ನಕ್ಕರು. ನಗಲಿ. ನಮ್ಮ ಹಿತ್ತಲಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ, ನಮ್ಮ ಮನೆಯಲ್ಲೂ ಕಂಡಿಲ್ಲ.

1998ರಲ್ಲಿ ಪಾರ್ಶ್ವವಾಯು ಬಡಿದು ಬಾವಾ ಮಾತು ಕಳೆದುಕೊಂಡರು. 2003ರ ಮೇ ತಿಂಗಳಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ದಾಲ್ಚಿನ್ನಿ ಗುಡ್ಡದ ಮೇಲೆಯೇ. ತೋಟ ಈಗ ಟ್ರಸ್ಟಿನದು, ನಮ್ಮಂಥವರು ಕೊಡುವ ಬಾಡಿಗೆಯಿಂದ ಅದರ ನಿಗಾ ನಡೆಯುತ್ತದೆ. ನಿಗಾ ಎಂದರೆ ಎಂಥದ್ದು ಎಂಬುದು ಎರಡನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಎಚ್ಚರವಾದಾಗ ತಿಳಿಯಿತು. ತೆಂಗಿನಕಡ್ಡಿಯ ಪೊರಕೆಯ ಸದ್ದು, ಒಂದಲ್ಲ, ನಾಲ್ಕು ದಿಕ್ಕಿನಿಂದ. ನಾವು ಏಳು ಗಂಟೆಗೆ ಹೊರಬಂದಾಗ ಒಬ್ಬರೂ ಇಲ್ಲ, ಒಂದು ಎಲೆಯೂ ಇಲ್ಲ. ಒದ್ದೆ ಮಣ್ಣಿನ ಮೇಲೆ ಬಾಚಣಿಗೆ ಎಳೆದಂತೆ ಗೆರೆಗಳು. ಆ ಗೆರೆಗಳ ಮೇಲೆ ಮೊದಲ ಹೆಜ್ಜೆ ಇಡಲು ನನಗೆ ಸಂಕೋಚ, ಮಗಳು ಚಪ್ಪಲಿ ಬಿಟ್ಟು ನಡೆದಳು.

ಅಂದು ಮಧ್ಯಾಹ್ನ ಮಳೆ ನಿಂತ ಮೇಲೆ ಅವಳನ್ನು ಅವಳ ಅಳತೆಪಟ್ಟಿಯ ಜೊತೆ ಬಿಟ್ಟು, ನಾನೊಬ್ಬನೇ ಗೇಟು ದಾಟಿ ಬಳಸು ಹಾದಿಯಲ್ಲಿ ಆ ಬಚ್ಚಿಟ್ಟ ದಾರಿಗೆ ಇಳಿದೆ. ಕೆಳಗಿನಿಂದ ನೋಡಿದರೆ ಎರಡೂ ಬದಿ ದರೆ, ದರೆಯ ಮೇಲೆ ಹುಲ್ಲಿನ ಅಂಚು, ಅದರ ಮೇಲೆ ಬರೀ ಆಕಾಶ. ಮನೆಯಿಲ್ಲ, ಭರಣಿಯಿಲ್ಲ. ಸ್ವಲ್ಪ ದೂರ ನಡೆದರೆ ಊರು ಶುರು. ಮೊದಲ ಮನೆಯ ಜಗಲಿಯಲ್ಲಿ ಅಜ್ಜ ಒಬ್ಬರು ಕಾಲು ಚಾಚಿ ಕೂತು ದಾಲ್ಚಿನ್ನಿ ಸುಲಿಯುತ್ತಿದ್ದರು. ಸೊಸೆಯಿರಬೇಕು, ನನ್ನನ್ನು ಕಂಡು ಒಂದು ಮಣೆ ತಂದು ಹಾಕಿದಳು.

ಬೆರಳುಗಾತ್ರದ ಹಸಿ ಕೋಲುಗಳು. ಮೊದಲು ಮೇಲಿನ ಒರಟು ತೊಗಟೆ ಹೆರೆದು ತೆಗೆದರು. ಆಮೇಲೆ ಹಿತ್ತಾಳೆಯ ಸರಳಿನಿಂದ ಕೋಲನ್ನು ತಿಕ್ಕತೊಡಗಿದರು, ಮಗುವಿನ ಕಾಲಿಗೆ ಎಣ್ಣೆ ತಿಕ್ಕಿದ ಹಾಗೆ, ಒಳತೊಗಟೆ ಕಟ್ಟಿಗೆಯಿಂದ ಬಿಟ್ಟುಕೊಳ್ಳಲೆಂದು. ಮಳೆಗಾಲದಲ್ಲಿ ರಸ ಏರಿ ಸಲೀಸಾಗಿ ಬಿಡುತ್ತದಂತೆ. ಬಳಿಕ ಸಣ್ಣ ಚಾಕುವಿನಿಂದ ಸುತ್ತ ಒಂದು ಗೀರು, ಉದ್ದಕ್ಕೆ ಒಂದು ಗೀರು. ಚಾಕುವಿನ ತುದಿ ಒಳಗೆ ತೂರಿಸಿ ಸರಿಸಿದರೆ ತೊಗಟೆ ಅಂಗಿ ಕಳಚಿದಂತೆ ಇಡಿಯಾಗಿ ಕೈಗೆ ಬಂತು. ಒಂದರೊಳಗೊಂದು ಹೊಂದಿಸಿ, ಸಣ್ಣ ಚೂರುಗಳನ್ನು ಹೊಟ್ಟೆಗೆ ತುಂಬಿ, ಸೂರಿನ ಕೆಳಗೆ ಕಟ್ಟಿದ ಹುರಿಯ ಮೇಲೆ ನೆರಳಿನಲ್ಲಿ ಒಣಗಲು ಮಲಗಿಸಿದರು. ಒಣಗುತ್ತಾ ಅವು ಸುರುಳಿಯಾಗುತ್ತವೆ. ಆರು ಮಿಲಿಮೀಟರಿಗಿಂತ ಸಪೂರವಾದದ್ದಕ್ಕೆ 'ಆಲ್ಬಾ' ಎಂದು ಹೆಸರು, ಅದು ಎಲ್ಲಕ್ಕಿಂತ ದುಬಾರಿ. ನಮ್ಮ ಕಿರಾಣಿ ಅಂಗಡಿಯಲ್ಲಿ ಚಕ್ಕೆ ಎಂದು ಕೊಡುವ ದಪ್ಪ ತೊಗಟೆ ಹೆಚ್ಚಾಗಿ ಬೇರೆಯೇ ಮರದ್ದು. ಅಜ್ಜ ಮುರಿದು ಕೊಟ್ಟ ಚೂರು ನಾಲಿಗೆಯ ಮೇಲೆ ಸಿಹಿಯಾಗಿ, ಆಮೇಲೆ ಮೆಲ್ಲಗೆ ಖಾರವಾಗಿ ಕರಗಿತು. ಇದಕ್ಕಾಗಿ ಪೋರ್ಚುಗೀಸರು ಬಂದರು, ಅವರನ್ನು ಓಡಿಸಿ ಡಚ್ಚರು ಬಂದರು. ಕಾಡಿನ ತೊಗಟೆ ಸಾಲದೆ 1769ರಲ್ಲಿ ಕೊಲಂಬೊದಲ್ಲಿ ತೋಟವನ್ನೇ ಹಾಕಿದರು.

ನನಗೆ ಸಿಂಹಳ ಬರುವುದಿಲ್ಲ, ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಬೆರಳಿನಲ್ಲೇ ಮಾತು. ಎಷ್ಟು ವರ್ಷದಿಂದ ಈ ಕೆಲಸ ಎಂದು ಕೇಳಲು ಹೊರಟೆ, ಅವರು ಮೊಮ್ಮಕ್ಕಳ ಸಂಖ್ಯೆ ಎಂದು ತಿಳಿದು ಐದು ಬೆರಳು ತೋರಿಸಿದರು. ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಮೇಲಿನಿಂದ, ಎಲ್ಲಿಂದ ಎಂದು ನನಗೆ ಗೊತ್ತಾಗದಂತೆ, ಗಂಟೆ ಎರಡು ಸಲ ಬಾರಿಸಿತು. ಮಗಳೇ ಇರಬೇಕು. ಅಜ್ಜ ಚಾಕು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಗಡ್ಡದಿಂದಲೇ ದರೆಯ ಕಡೆ ತೋರಿಸಿ, "ತೇ" ಎಂದರು. ಚಹಾ.